ಎರಡು ವರ್ಷ ಆಡಿದ ಮೇಲೆ: ಆಟ ಚೆನ್ನಾಗಿದೆ, ಬ್ಯಾನರ್ ಹತ್ತಿರ ಮಾತ್ರ ಹೋಗಬೇಡಿ

ಈ ಗಾಚಾ ಆಟವನ್ನು (ಪಾತ್ರಗಳು ಅದೃಷ್ಟದ ಮೇಲೆ ಸಿಗುವ ಆಟ) ಎರಡು ವರ್ಷದಿಂದ ಆಡುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ನನ್ನ ತಕರಾರು ಇದೇ ಅಚ್ಚಿನಲ್ಲಿ ಬರುವ ಎಲ್ಲ ಉಚಿತ ಆಟಗಳ ಮೇಲೂ ಇದೆ. ಗ್ರಾಫಿಕ್ಸ್, ಎಷ್ಟು ಜಿಬಿ ಬೇಕು ಅನ್ನುವುದೆಲ್ಲ ನೀವು ನೋಡಿಯೇ ಇರುತ್ತೀರಿ.

ದಿನಾ ಬೆಳಗ್ಗೆ ಹದಿನೈದು ನಿಮಿಷ ಇದಕ್ಕೇ ಮೀಸಲು. ಡೈಲಿ ಟಾಸ್ಕ್ ಮುಗಿಸಿ, ಆಟದೊಳಗಿನ ಕೆರೆಯ ದಂಡೆಗೆ ಹೋಗಿ ಸುಮ್ನೆ ಮೀನು ಹಿಡಿಯುತ್ತೇನೆ. ಅಲ್ಲಿ ಮಳೆ ಶುರುವಾದರೆ ನೀರಿನ ಸದ್ದೇ ಬದಲಾಗುತ್ತದೆ, ಇಯರ್‌ಫೋನ್ ಹಾಕಿಕೊಂಡು ಗಾಳ ಎತ್ತುವುದನ್ನೂ ಮರೆತು ಅದನ್ನು ಕೇಳುತ್ತಾ ಕೂತುಬಿಡುತ್ತೇನೆ. ಮೊದಲ ಎಂಟು ತಿಂಗಳು ಏನೂ ಖರ್ಚು ಮಾಡದೆ ಹೀಗೇ ಆಡಿದೆ. ಆಗ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಆಮೇಲೆ ಒಂದು ಬ್ಯಾನರ್‌ನಲ್ಲಿ (ಕೆಲವೇ ದಿನ ಇರುವ, ಪಾತ್ರಗಳಿಗಾಗಿ ಅದೃಷ್ಟ ಪರೀಕ್ಷಿಸುವ ಸುತ್ತು) ಬಿಲ್ಲುಗಾರ್ತಿ ಬಂದಳು. ಮೂರೇ ವಾರ ಇರುತ್ತಾಳೆ. ಕೂಡಿಟ್ಟ ಹರಳೆಲ್ಲ (ಆಟದೊಳಗಿನ ಹಣ) ಸುರಿದು 62 ಪುಲ್ ಮಾಡಿದೆ, ಅಂದರೆ 62 ಸಲ ಚೀಟಿ ಎತ್ತಿದ ಹಾಗೆ, ಅವಳು ಸಿಗಲಿಲ್ಲ. 80ನೇ ಪುಲ್‌ಗೆ ಗ್ಯಾರಂಟಿ ಇತ್ತು. ಆಟಗಾರರು ಇದಕ್ಕೆ ಪಿಟಿ (pity) ಅನ್ನುತ್ತಾರೆ. ಪಿಟಿ ಅಂದರೆ ನಮ್ಮ ಮೇಲಿನ ಕನಿಕರ ಅಂದುಕೊಂಡಿದ್ದೆ. 62ಕ್ಕೆ ಬಂದು ನಿಂತಾಗ ಅದು ಏನು ಮಾಡುತ್ತದೆ ಅಂತ ತಿಳಿಯಿತು. ಇನ್ನು 18 ತಾನೇ? ಈಗ ಬಿಟ್ಟರೆ ಇಷ್ಟು ದಿನ ಕೂಡಿಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ? ಮೊದಲ ಸಲ ಕಾರ್ಡ್ ತೆಗೆದೆ.

77ನೇ ಪುಲ್‌ಗೆ ಬಂಗಾರದ ಬೆಳಕು ಬಂತು, ಬಂದದ್ದು ಬೇರೆ ಪಾತ್ರ. ಗ್ಯಾರಂಟಿ ಇದ್ದದ್ದು ಐದು ನಕ್ಷತ್ರದ ಒಂದು ಪಾತ್ರಕ್ಕೆ, ಅವಳೇ ಬರುತ್ತಾಳೋ ಇಲ್ಲವೋ ಅನ್ನುವುದು ಅರ್ಧಕ್ಕರ್ಧ ಅದೃಷ್ಟ. ಎಣಿಕೆ ಮತ್ತೆ ಸೊನ್ನೆಯಿಂದ. ಮತ್ತೆ ಕೊಂಡೆ. ಒಂದು ಪುಲ್‌ಗೆ 150 ಹರಳು, ಮಾರುವುದು 100 ಮತ್ತು 400ರ ಪ್ಯಾಕ್. ಹೆಚ್ಚಿನ ಸಲ ಒಂದಿಷ್ಟು ಉಳಿಯುತ್ತದೆ, ಉಳಿದದ್ದು ಹಾಳಾಗಬಾರದು ಅಂತ ಇನ್ನೊಂದು ಪ್ಯಾಕ್. ಹಣ ಒಮ್ಮೆ ಹರಳಾಯಿತೆಂದರೆ ಎಷ್ಟು ಹೋಯಿತು ಅನ್ನುವುದು ಕಣ್ಣಿಗೇ ಕಾಣುವುದಿಲ್ಲ. ನಾನು ಇಡೀ ವರ್ಷದ ಆಟಗಳಿಗೆ ಎತ್ತಿಟ್ಟಿದ್ದ ಹಣ ಮೂರು ವಾರದಲ್ಲಿ ಮುಗಿಯಿತು. ಅವಳು ಸಿಕ್ಕಳು. ಒಂದು ವಾರ ಆಡಿಸಿದೆ, ಆಮೇಲೆ ಟೀಮಿಗೆ ಹಾಕಿಕೊಂಡೇ ಇಲ್ಲ.

ಆಪಲ್ 2017ರ ಡಿಸೆಂಬರ್‌ನಲ್ಲಿ ಇಂಥ ಆಟಗಳು ಯಾವುದು ಸಿಗುವ ಸಾಧ್ಯತೆ ಎಷ್ಟು ಅಂತ ತೋರಿಸಲೇಬೇಕು ಎಂದು ನಿಯಮ ಮಾಡಿತು. ಇಲ್ಲೂ ತೋರಿಸುತ್ತಾರೆ, ಮೂರು ಬಟನ್ ಒತ್ತಿ ಒಳಗೆ ಹೋದರೆ: ಶೇ. 0.7. ನಾನು ಹೋಗಿ ನೋಡಿದ್ದು ಎಲ್ಲ ಮುಗಿದ ಮೇಲೆ. ಲೆಕ್ಕ ಹಾಕಿದೆ. ಗ್ಯಾರಂಟಿ ಇಲ್ಲದಿದ್ದರೆ, ತಲಾ 80 ಸಲ ಎಳೆದ 100 ಜನರಲ್ಲಿ ಸುಮಾರು 57 ಮಂದಿಗೆ ಐದು ನಕ್ಷತ್ರದ ಒಂದು ಪಾತ್ರವೂ ಸಿಗುವುದಿಲ್ಲ.

ಇದು ಜೂಜೋ ಅಲ್ಲವೋ ಅನ್ನುವುದರಲ್ಲಿ ದೇಶಗಳಿಗೇ ಒಮ್ಮತವಿಲ್ಲ. ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್ (ಒಳಗೆ ಏನಿದೆ ಅಂತ ತೆರೆದ ಮೇಲಷ್ಟೇ ತಿಳಿಯುವ ಆಟದೊಳಗಿನ ಪೆಟ್ಟಿಗೆ) ಜೂಜೇ ಎಂದು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಹೇಳಿತು. ನೆದರ್ಲೆಂಡ್ಸ್‌ನಲ್ಲಿ 2022ರಲ್ಲಿ ಬಂದ ತೀರ್ಪು ಅದಕ್ಕೆ ಉಲ್ಟಾ: ಫುಟ್‌ಬಾಲ್ ಆಟವೊಂದರ ಪ್ಯಾಕ್‌ಗಳು ತಾವೇ ಒಂದು ಆಟವಲ್ಲ, ದೊಡ್ಡ ಆಟದ ಒಂದು ಭಾಗ, ಹಾಗಾಗಿ ಜೂಜಿನ ಕಾನೂನು ಅನ್ವಯಿಸುವುದಿಲ್ಲ ಎಂದಿತು. ನನ್ನ ಅನುಭವದಲ್ಲಿ ಆ ಮೂರು ವಾರ ಪುಲ್ ಮಾಡುವುದೇ ಆಟವಾಗಿತ್ತು, ಉಳಿದದ್ದೆಲ್ಲ ಅದರ ಬಾಲ. ಮೀನು ಹಿಡಿದದ್ದೂ ಹತ್ತು ಹರಳು ಸಿಗುತ್ತದೆ ಅಂತ. ಒಂದು ದಿನ ಮಳೆ ಬರುತ್ತಿತ್ತು, ನಾನು ಸೌಂಡ್ ಆಫ್ ಮಾಡಿಕೊಂಡು ಬೇಗ ಬೇಗ ಮುಗಿಸುತ್ತಿದ್ದೆ. ಹಣ ಹೋದದ್ದಕ್ಕಿಂತ ಇದು ಜಾಸ್ತಿ ನೋವು ಕೊಟ್ಟಿತು.

ಈಗ ಕಾರ್ಡ್ ತೆಗೆದುಹಾಕಿದ್ದೇನೆ, ಹೊಸ ಬ್ಯಾನರ್ ನೋಟಿಫಿಕೇಶನ್ ಬಂದ್ ಮಾಡಿದ್ದೇನೆ. ಮನೆಯ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಖರೀದಿಗೆ ಪಾಸ್‌ವರ್ಡ್ ಇವತ್ತೇ ಹಾಕಿ, ಪಿಟಿ ಅಂದರೆ ಏನು ಅಂತ ಕೂತು ವಿವರಿಸಿ. ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಆಟ ಡಿಲೀಟ್ ಮಾಡಿಲ್ಲ. ಕೆರೆಯ ದಂಡೆಗೆ ಈಗಲೂ ದಿನಾ ಹೋಗುತ್ತೇನೆ, ಸೌಂಡ್ ಆನ್ ಮಾಡಿಕೊಂಡು.