ಡೇಟಾಬೇಸ್ ಮೊದಲು, ಸರ್ವರ್ ಆಮೇಲೆ: ಸಿಸ್ಟಮ್‌ಡಿಯ ದೀರ್ಘಕಾಲದ ಬಳಕೆಯ ವಿಮರ್ಶೆ

ಲಿನಕ್ಸ್ ಯಂತ್ರದಲ್ಲಿ ಸೇವೆಗಳನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳನ್ನು) ಆರಂಭಿಸಿ ನಿರ್ವಹಿಸುವ, 2010ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾದ ಸಿಸ್ಟಮ್‌ಡಿಯನ್ನು ನಾನು ಹಲವು ವರ್ಷಗಳಿಂದ ಮುಖ್ಯವಾಗಿ ಒಂದು ಕೆಲಸಕ್ಕಾಗಿ ನೆಚ್ಚಿಕೊಂಡಿದ್ದೇನೆ. ಯಂತ್ರ ರೀಬೂಟ್ ಆದಾಗ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೊದಲು ಸಿದ್ಧವಾಗಿ, ಅದನ್ನು ಅವಲಂಬಿಸಿದ ಅಪ್ಲಿಕೇಶನ್ ಸರ್ವರ್ ಆಮೇಲೆ ಆರಂಭವಾಗಬೇಕು. ಈ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಡೇಟಾಬೇಸ್ ತಾನು ಸಿದ್ಧವೆಂದು ಎಷ್ಟು ಪ್ರಾಮಾಣಿಕವಾಗಿ ತಿಳಿಸುತ್ತದೆಯೋ ಅಷ್ಟರ ಮಟ್ಟಿಗೆ ಮಾತ್ರ ಈ ಕ್ರಮವನ್ನು ನಂಬಬಹುದು ಎಂಬುದು ನನ್ನ ಅನುಭವ.

ಸರ್ವರ್‌ನ ಯೂನಿಟ್ ಕಡತದಲ್ಲಿ (ಸೇವೆಯನ್ನು ಹೇಗೆ ನಡೆಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಕಡತ) ‘ರಿಕ್ವೈರ್ಸ್’ ಎಂದಷ್ಟೇ ಬರೆದರೆ ಸರ್ವರ್ ಜೊತೆಗೆ ಡೇಟಾಬೇಸನ್ನೂ ಆರಂಭಿಸಲಾಗುತ್ತದೆಯೇ ಹೊರತು ಯಾವುದು ಮೊದಲೆಂಬುದು ನಿಗದಿಯಾಗುವುದಿಲ್ಲ, ಹೀಗಾಗಿ ಎರಡೂ ಏಕಕಾಲಕ್ಕೆ ಹೊರಡುತ್ತವೆ. ‘ಆಫ್ಟರ್’ ಕ್ರಮವನ್ನು ಹೇಳುತ್ತದೆ, ಆದರೆ ಡೇಟಾಬೇಸನ್ನು ತಾನಾಗಿ ಎಬ್ಬಿಸುವುದಿಲ್ಲ. ಎರಡನ್ನೂ ಬರೆಯಬೇಕಾದದ್ದು ಆರಂಭದಲ್ಲಿ ಕಿರಿಕಿರಿ ಎನಿಸಿದರೂ ಈ ಬೇರ್ಪಡಿಕೆ ಸರಿಯಾದದ್ದೇ. ಯಂತ್ರವನ್ನು ನಿಲ್ಲಿಸುವಾಗ ಇದೇ ಕ್ರಮ ತಿರುವುಮುರುವಾಗಿ, ಸರ್ವರ್ ತನ್ನ ಕೊನೆಯ ಬರಹಗಳನ್ನು ಮುಗಿಸಿ ನಿಂತ ನಂತರವೇ ಡೇಟಾಬೇಸ್ ಮುಚ್ಚಿಕೊಳ್ಳುತ್ತದೆ. ಅಷ್ಟಾಗಿ ಯಾರೂ ಪ್ರಸ್ತಾಪಿಸದ ಈ ಗುಣವನ್ನು ನಾನು ಬಹಳ ಮೆಚ್ಚುತ್ತೇನೆ.

ನಿಜವಾದ ತೊಡಕಿರುವುದು ‘ಆರಂಭವಾಯಿತು’ ಎನ್ನುವುದರ ಅರ್ಥದಲ್ಲಿ. ಸೇವೆಯ ಟೈಪ್ ‘ಸಿಂಪಲ್’ ಆಗಿದ್ದರೆ ಪ್ರೋಸೆಸ್ ಹುಟ್ಟಿದ ಕ್ಷಣವೇ ಸಿಸ್ಟಮ್‌ಡಿ ಮುಂದಿನ ಸೇವೆಗೆ ಹೋಗುತ್ತದೆ, ಡೇಟಾಬೇಸ್ ಇನ್ನೂ ಸಂಪರ್ಕಗಳನ್ನು ಸ್ವೀಕರಿಸದಿದ್ದರೂ ಸಹ. ‘ನೋಟಿಫೈ’ ಆಗಿದ್ದರೆ ಡೇಟಾಬೇಸ್ ತಾನೇ ಸೂಚನೆ ಕಳಿಸುವವರೆಗೆ ಕಾಯುತ್ತದೆ. ಪೋಸ್ಟ್‌ಗ್ರೆಸ್ 9.6ರಿಂದ, ಸಿಸ್ಟಮ್‌ಡಿ ಬೆಂಬಲದೊಂದಿಗೆ ಬಿಲ್ಡ್ ಮಾಡಿದ್ದರೆ, ಈ ಸೂಚನೆ ದೊರೆಯುತ್ತದೆ, ಮಾರಿಯಾಡಿಬಿ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ 10.1ರಿಂದ ಇದೆ. ಇದರ ಜೊತೆಗೆ ಕಾಯುವ ಅವಧಿಯನ್ನೂ ನೋಡಿಕೊಳ್ಳಲೇಬೇಕು. ವಿದ್ಯುತ್ ಹೋಗಿ ಯಂತ್ರ ಹಠಾತ್ತನೆ ನಿಂತಿದ್ದರೆ ಪೋಸ್ಟ್‌ಗ್ರೆಸ್ ತನ್ನ ಲಾಗನ್ನು (ಬದಲಾವಣೆಗಳ ದಾಖಲೆಯನ್ನು) ಮತ್ತೆ ಓದಿ ದತ್ತಾಂಶವನ್ನು ಸರಿಪಡಿಸಿಕೊಳ್ಳುವುದಕ್ಕೆ ಹಲವು ನಿಮಿಷಗಳು ಬೇಕಾಗಬಹುದು, ಆದರೆ ಸಿಸ್ಟಮ್‌ಡಿಯ ಡೀಫಾಲ್ಟ್ ಮಿತಿ 90 ಸೆಕೆಂಡು. ಆ ಗಡುವು ಮೀರಿದರೆ ಅದು ಡೇಟಾಬೇಸನ್ನು ಚೇತರಿಕೆಯ ನಡುವೆಯೇ ಕೊಂದುಹಾಕುತ್ತದೆ. ಪೋಸ್ಟ್‌ಗ್ರೆಸ್ ದಾಖಲೆಗಳೇ ಸೂಚಿಸುವಂತೆ ಈ ಮಿತಿಯನ್ನು ‘ಇನ್ಫಿನಿಟಿ’ ಎಂದು ಬದಲಿಸುವುದು ಉತ್ತಮ.

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಬಳಸುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಪೋಸ್ಟ್‌ಗ್ರೆಸ್ಕ್ಯೂಎಲ್ ಎಂಬ ಹೆಸರಿನ ಸೇವೆ ಬರೀ ಹೊದಿಕೆಯಾಗಿದ್ದು, ನಿಜವಾದ ಕೆಲಸ ಆವೃತ್ತಿ ಮತ್ತು ಕ್ಲಸ್ಟರ್ (ಒಂದು ಪೋಸ್ಟ್‌ಗ್ರೆಸ್ ಸರ್ವರ್ ನಡೆಸುವ ಡೇಟಾಬೇಸ್‌ಗಳ ಗುಂಪು) ಹೆಸರುಳ್ಳ ಬೇರೆ ಯೂನಿಟ್‌ನಲ್ಲಿ ನಡೆಯುತ್ತದೆ. ಕ್ಲಸ್ಟರ್ ಏಳದಿದ್ದರೂ ಹೊದಿಕೆ ‘ಆಕ್ಟಿವ್’ ಎಂದೇ ತೋರಿಸಬಹುದಾದ್ದರಿಂದ ಅವಲಂಬನೆಯಲ್ಲಿ ಕ್ಲಸ್ಟರ್ ಯೂನಿಟ್‌ನ ಹೆಸರನ್ನೇ ಬರೆಯುವುದು ಸುರಕ್ಷಿತ.

‘ರಿಕ್ವೈರ್ಸ್’ ಬಗ್ಗೆ ನನ್ನ ಆಕ್ಷೇಪವೊಂದಿದೆ. ಡೇಟಾಬೇಸ್ ಮೊದಲ ಯತ್ನದಲ್ಲಿ ವಿಫಲವಾಗಿ ಸ್ವಲ್ಪ ಹೊತ್ತಿನಲ್ಲಿ ತಾನೇ ಚೇತರಿಸಿಕೊಂಡರೂ, ಅವಲಂಬನೆ ವಿಫಲವಾಯಿತೆಂದು ಕೈಬಿಡಲಾದ ಸರ್ವರ್ ಮತ್ತೆ ತಾನಾಗಿ ಏಳುವುದಿಲ್ಲ. ಆದ್ದರಿಂದ ನಾನು ಈಗ ‘ವಾಂಟ್ಸ್’ (ಇದು ಡೇಟಾಬೇಸನ್ನು ಎಬ್ಬಿಸುತ್ತದೆ, ಆದರೆ ಅದು ವಿಫಲವಾದರೂ ಸರ್ವರನ್ನು ಕೈಬಿಡುವುದಿಲ್ಲ) ಮತ್ತು ‘ಆಫ್ಟರ್’ ಬರೆದು, ಸರ್ವರ್ ಬಿದ್ದರೆ ಮತ್ತೆ ಆರಂಭಿಸುವ ‘ರೀಸ್ಟಾರ್ಟ್’ ನಿರ್ದೇಶನವನ್ನು ಸೇರಿಸುತ್ತೇನೆ. ಇಲ್ಲೂ ಡೀಫಾಲ್ಟ್‌ಗಳು ಸಹಕಾರಿಯಲ್ಲ: ಎರಡು ಯತ್ನಗಳ ನಡುವೆ 100 ಮಿಲಿಸೆಕೆಂಡು ಮಾತ್ರ ಬಿಡುವು, 10 ಸೆಕೆಂಡಿನಲ್ಲಿ 5 ಆರಂಭಗಳಾದರೆ ಮುಂದಿನ ಯತ್ನಕ್ಕೆ ತಡೆ. ಬಿಡುವನ್ನು 5 ಸೆಕೆಂಡಿಗೆ ಏರಿಸಿದರೆ ಈ ತಡೆ ಅಡ್ಡ ಬರುವುದಿಲ್ಲ. ಇಂಥ ಬದಲಾವಣೆಗಳನ್ನು ಮೂಲ ಯೂನಿಟ್ ಕಡತದಲ್ಲಿ ಮಾಡದೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ಮಾಡಿದರೆ ಪ್ಯಾಕೇಜ್ ಅಪ್‌ಗ್ರೇಡ್ ಆದಾಗಲೂ ಅವು ಉಳಿಯುತ್ತವೆ.

ಡೇಟಾಬೇಸ್ ಬೇರೊಂದು ಯಂತ್ರದಲ್ಲಿದ್ದರೆ ಸಿಸ್ಟಮ್‌ಡಿಯ ಈ ಏರ್ಪಾಡು ಅಲ್ಲಿಗೆ ತಲುಪುವುದಿಲ್ಲ. ಪೋಸ್ಟ್‌ಗ್ರೆಸ್ ಸಂಪರ್ಕಗಳನ್ನು ಸ್ವೀಕರಿಸುತ್ತಿದೆಯೇ ಎಂದು ನೋಡುವ ‘ಪಿಜಿ ಈಸ್‌ರೆಡಿ’ ಆದೇಶವನ್ನು ಪೂರ್ವಸಿದ್ಧತೆಯ ಹಂತದಲ್ಲಿ ಮತ್ತೆ ಮತ್ತೆ ಓಡಿಸಿ ಕಾಯಿಸಬಹುದಾದರೂ, ನಂತರ ಮಧ್ಯದಲ್ಲಿ ಕಡಿದುಹೋಗುವ ಸಂಪರ್ಕವನ್ನು ಅದು ಸರಿಪಡಿಸಲಾರದು. ಅಂಥ ಕಡೆ ಮರುಸಂಪರ್ಕದ ಜಾಣ್ಮೆ ಸರ್ವರ್ ತಂತ್ರಾಂಶದೊಳಗೇ ಇರಬೇಕು, ಮತ್ತು ಅದಿಲ್ಲದ ತಂತ್ರಾಂಶವನ್ನು ನಾನು ದೂರದ ಡೇಟಾಬೇಸ್‌ಗೆ ಜೋಡಿಸುವುದಿಲ್ಲ.