ಫೋಟೊ ಕಳಿಸುವ ಪ್ರೀಸ್ಕೂಲ್, ನೀರು ಕುಡಿಸುವ ಪ್ರೀಸ್ಕೂಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎರಡನೇ ಪ್ರೀಸ್ಕೂಲಿಗೆ. ಮೊದಲನೆಯದರಿಂದ ಮಗಳನ್ನು ವರ್ಷದ ನಡುವೆಯೇ ಬಿಡಿಸಿ ಇಲ್ಲಿಗೆ ಸೇರಿಸಿದ್ದೇವೆ. ಅವಳಿಗೆ ಈಗ ಮೂರು ದಾಟಿದೆ. ಬಣ್ಣದ ಗೋಡೆ, ಜಾರುಬಂಡೆ, ಕ್ಯಾಮೆರಾ ಎಲ್ಲ ಎರಡರಲ್ಲೂ ಇವೆ. ಅದನ್ನು ಬಿಟ್ಟು ಮಿಕ್ಕಿದ್ದು ಮಾತಾಡೋಣ.

ಮೊದಲನೆಯದರಲ್ಲಿ ನಮ್ಮ ತಲೆ ಕೆಡಿಸಿದ್ದು ನೀರಿನ ಬಾಟಲಿ. ಬೆಳಿಗ್ಗೆ ತುಂಬಿಸಿ ಕಳಿಸಿದ್ದು ಹಾಗೇ ವಾಪಸ್ ಬರುತ್ತಿತ್ತು. ಕೇಳಿದರೆ "ಅವಳು ನೀರು ಕೇಳೋದೇ ಇಲ್ಲ" ಅಂದರು. ಮೂರು ವರ್ಷದ ಮಗು ಆಟದ ಮಧ್ಯೆ ನೆನಪಿಟ್ಟುಕೊಂಡು ನೀರು ಕೇಳುತ್ತಾ? ಅದನ್ನು ನೆನಪಿಸೋಕೆ ತಾನೇ ದೊಡ್ಡವರು ಇರೋದು. ತಮಾಷೆ ಅಂದರೆ, ಅವರ ಆ್ಯಪ್‌ನಲ್ಲಿ ದಿನಾ ಒಂದು ವರದಿ ಬರುತ್ತಿತ್ತು. ಅದರಲ್ಲಿ 'ನೀರು ಕುಡಿದಳು' ಅನ್ನುವುದರ ಎದುರು ಹಸಿರು ಟಿಕ್. ಜೊತೆಗೆ ಕಾಗದದ ಕಿರೀಟ ಹಾಕಿಕೊಂಡು ನಗುವ ಫೋಟೊ. ಒಂದು ಕೈಯಲ್ಲಿ ಟಿಕ್ ಹಾಕಿದ ಫೋನು, ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆಯದ ಬಾಟಲಿ. ಯಾವುದನ್ನು ನಂಬೋದು?

ಕಾರಣ ಆಮೇಲೆ ಗೊತ್ತಾಯಿತು. ಅಲ್ಲಿ ಟಾಯ್ಲೆಟ್ಟಿಗೆ ಟೈಮ್ ಇದೆ. ಆ ಹೊತ್ತಿಗೆ ಎಲ್ಲ ಮಕ್ಕಳನ್ನೂ ಸಾಲಾಗಿ ನಿಲ್ಲಿಸುತ್ತಾರೆ. ನಡುವೆ ಯಾರಿಗಾದರೂ ಅವಸರವಾದರೆ ಕರೆದುಕೊಂಡು ಹೋಗೋಕೆ ಆಯಾ ಒಬ್ಬರೇ, ಅವರೂ ಇನ್ನೊಂದು ತರಗತಿಯಲ್ಲಿರುತ್ತಾರೆ. ನೀರು ಕಮ್ಮಿ ಕುಡಿದರೆ ಅವರಿಗೂ ಕೆಲಸ ಕಮ್ಮಿ. ಮಗಳು ಮನೆಗೆ ಬಂದವಳೇ ಶೂ ಕೂಡ ಬಿಚ್ಚದೆ ಬಾತ್‌ರೂಮಿಗೆ ಓಡುತ್ತಿದ್ದಳು. ಮೂತ್ರ ಕಡು ಹಳದಿ. ಆಮೇಲೆ ಮಲಬದ್ಧತೆಯೂ ಶುರುವಾಯಿತು. ಡಾಕ್ಟರ್ ಬಿಡಿಸಿ ಹೇಳಿದರು: ನೀರು ಕಮ್ಮಿಯಾಗಿ, ತಡೆದುಕೊಳ್ಳೋದು ಅಭ್ಯಾಸವಾದರೆ ಮಲ ಗಟ್ಟಿಯಾಗುತ್ತದೆ, ಅದು ಮೂತ್ರಕೋಶವನ್ನು ಒತ್ತುತ್ತದೆ, ಆಗ ಬಟ್ಟೆಯಲ್ಲೇ ಆಗಿಬಿಡೋದೂ ಜಾಸ್ತಿ, ಸೋಂಕಿನ ಭಯವೂ ಜಾಸ್ತಿ.

ಇದನ್ನೆಲ್ಲ ಹೋಗಿ ಹೇಳಿದ್ದಕ್ಕೆ ಸಿಕ್ಕ ಪರಿಹಾರ: "ಡೈಪರ್ ಹಾಕಿ ಕಳಿಸಿಬಿಡಿ." ಕಷ್ಟಪಟ್ಟು ಡೈಪರ್ ಬಿಡಿಸಿದ ಮಗುವಿಗೆ! ಆ ಪ್ರೀಸ್ಕೂಲ್ ಬಿಡಿಸೋದು ಅಂತ ಅವತ್ತೇ ನಿರ್ಧಾರವಾಯಿತು.

ಎರಡನೆಯದರಲ್ಲಿ ಬಾಟಲಿಗಳೆಲ್ಲ ಮಕ್ಕಳ ಕೈಗೆಟುಕುವ ಮೋಟು ಶೆಲ್ಫಿನ ಮೇಲೆ ಇರುತ್ತವೆ. ಆಟ ಮುಗಿದ ಮೇಲೆ ಮಿಸ್ಸೇ ತಮ್ಮ ಲೋಟ ಎತ್ತಿ ಕುಡಿಯುತ್ತಾರೆ, ಅದನ್ನು ನೋಡಿ ಮಕ್ಕಳೂ ಕುಡಿಯುತ್ತವೆ. ಟಾಯ್ಲೆಟ್ ಸೀಟು ಚಿಕ್ಕದು, ತರಗತಿಗೆ ಅಂಟಿಕೊಂಡೇ ಇದೆ, ಯಾವಾಗ ಬೇಕಾದರೂ ಹೋಗಬಹುದು. ಬಟ್ಟೆ ಒದ್ದೆಯಾದರೆ ಬದಲಾಯಿಸಿ, ಸುಮ್ನೆ ಕವರಿಗೆ ಹಾಕಿ ಕೊಡುತ್ತಾರೆ. ಮಗುವಿನ ಮುಂದೆ ಆ ಮಾತೇ ಎತ್ತುವುದಿಲ್ಲ.

ಫೋಟೊ ಮಾತ್ರ ಬರೋದಿಲ್ಲ. ನನ್ನ ಹೆಂಡತಿಗೆ ಅದೊಂದು ಬೇಜಾರು ಇನ್ನೂ ಇದೆ.

ಇನ್ನು ಬೋರ್ಡಿನ ಮಾತು. ಮೊದಲನೆಯದು ತನ್ನನ್ನು ಮಾಂಟೆಸ್ಸೊರಿ ಅಂತ ಕರೆದುಕೊಳ್ಳುತ್ತದೆ. ಮರಿಯಾ ಮಾಂಟೆಸ್ಸೊರಿ ರೋಮಿನಲ್ಲಿ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ. ಆ ಪದ್ಧತಿಯಲ್ಲಿ 3ರಿಂದ 6 ವರ್ಷದ ಮಕ್ಕಳು ಒಟ್ಟಿಗೇ ಇರುತ್ತಾರೆ, ಬೇಕಾದ ಸಾಮಾನು ತಾವೇ ತೆಗೆದುಕೊಂಡು ತಾವೇ ವಾಪಸ್ ಇಡುತ್ತಾರೆ. ಆದರೆ ಆ ಹೆಸರಿಗೆ ಒಬ್ಬರೇ ಮಾಲೀಕರು ಅಂತ ಇಲ್ಲ, ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು. ಮೊದಲನೆಯದರಲ್ಲಿ ಆ ಪದ್ಧತಿಯ ಪಿಂಕ್ ಟವರ್ ಇತ್ತು, ಒಂದರ ಮೇಲೊಂದು ಜೋಡಿಸುವ 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ 10 ಗುಲಾಬಿ ಘನಗಳು. ಇದ್ದದ್ದು ಗಾಜಿನ ಬೀರುವಿನ ಮೇಲಿನ ಶೆಲ್ಫಿನಲ್ಲಿ. ಕೆಳಗೆ ಮಕ್ಕಳು ಪೆನ್ಸಿಲ್ ಹಿಡಿದು ಗೆರೆ ತಿದ್ದುತ್ತಿದ್ದರು. ಎರಡನೆಯದಕ್ಕೆ ಯಾವ ಪದ್ಧತಿಯ ಹೆಸರೂ ಇಲ್ಲ. ಜೇಡಿಮಣ್ಣು, ಮಣಿ ಪೋಣಿಸೋದು, ದಪ್ಪ ಚಾಕ್ ಅಷ್ಟೆ. ಈ ವಯಸ್ಸಿನ ಬೆರಳುಗಳಿಗೆ ಬೇಕಾದದ್ದು ಅದೇ ಅಲ್ವಾ? ಅಕ್ಷರ ಇನ್ನೂ ಕಲಿಸಿಲ್ಲ, ನನಗೇನೂ ಅವಸರವಿಲ್ಲ.

ಅಳು: ಮೊದಲನೆಯದರಲ್ಲಿ ಮಗುವನ್ನು ಎತ್ತಿಕೊಂಡು ಗೇಟು ಹಾಕಿಬಿಡುತ್ತಿದ್ದರು. ಎರಡನೆಯದರಲ್ಲಿ ಶುರುವಿನಲ್ಲಿ ನಮ್ಮನ್ನೂ ಒಳಗೆ ಕೂರಿಸಿ, ದಿನದಿನಕ್ಕೂ ಹೊತ್ತು ಕಮ್ಮಿ ಮಾಡಿದರು.

ಎರಡನೆಯದರ ದೊಡ್ಡ ತೊಂದರೆ, ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಡೇ ಕೇರ್ ಇಲ್ಲ. ನಾನು ಮನೆಯಿಂದಲೇ ಕೆಲಸ ಮಾಡೋದರಿಂದ ಹೇಗೋ ನಡೆಯುತ್ತಿದೆ, ಮೀಟಿಂಗುಗಳನ್ನೆಲ್ಲ ಬೆಳಿಗ್ಗೆಗೇ ತಳ್ಳಿಕೊಂಡಿದ್ದೇನೆ. ಫೀಸಿನಲ್ಲಿ ಮೊದಲನೆಯದು ಇಡೀ ವರ್ಷದ್ದು ಮುಂಗಡವಾಗಿ ಕೇಳುತ್ತದೆ. ಬಿಟ್ಟಾಗ ಬಿಡಿಗಾಸೂ ವಾಪಸ್ ಬರಲಿಲ್ಲ. ಎರಡನೆಯದು ತಿಂಗಳಿಗಿಷ್ಟು ಅಂತ ತೆಗೆದುಕೊಳ್ಳುತ್ತದೆ. ನಮ್ಮಂಥ ಲೆಕ್ಕಾಚಾರದ ಮನೆಗೆ ಅದೇ ಸರಿ.

ಇಬ್ಬರೂ ಸಂಜೆಯವರೆಗೆ ಹೊರಗೆ ದುಡಿಯುವವರಾದರೆ ಎರಡನೆಯದು ನಿಮಗೆ ಹೊಂದುವುದಿಲ್ಲ. ಆಗ ಡೇ ಕೇರ್ ಇರುವುದನ್ನೇ ನೋಡಿ, ಆದರೆ ಅಡ್ಮಿಷನ್ನಿಗೆ ಮುಂಚೆ ತರಗತಿ ನಡೆಯುವ ಹೊತ್ತಿನಲ್ಲೇ ಹೋಗಿ ಮಕ್ಕಳ ಟಾಯ್ಲೆಟ್ ತೋರಿಸಿ ಅಂತ ಕೇಳಿ. ಆಯಾ ಎಷ್ಟು ತರಗತಿಗೆ ಒಬ್ಬರು ಅಂತಲೂ ಕೇಳಿ. "ಈಗ ಆಗಲ್ಲ" ಅಂದರೆ ಫಾರಂ ತುಂಬಬೇಡಿ.