ಸಿರಿಲ್ ಸಾಫ್ಟ್‌ವೇರ್: ಕೆಟ್ಟುಹೋದ ರಾತ್ರಿಗಳಲ್ಲಿ ಎಷ್ಟು ಉಳಿಯಿತು? ಮೂರು ಚಳಿಗಾಲದ ಬಳಕೆ

ಮೂರು ಚಳಿಗಾಲದಿಂದ ನನ್ನ ಆಕಾಶದ ಫೋಟೋಗಳನ್ನೆಲ್ಲ ಸಿರಿಲ್‌ನಲ್ಲೇ ಸ್ಟ್ಯಾಕ್ ಮಾಡುತ್ತಿದ್ದೇನೆ, ಅಂದರೆ ಒಂದೇ ಗುರಿಯ ಹಲವು ಫೋಟೋಗಳನ್ನು ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರ ಮಾಡುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎಲ್ಲ ಸರಿಯಾಗಿ ತೆಗೆದ ರಾತ್ರಿ ಯಾವ ಸಾಫ್ಟ್‌ವೇರ್ ಆದರೂ ನಡೆಯುತ್ತದೆ, ಅಲ್ವಾ? ಅದಕ್ಕೇ ನಾನು ತಪ್ಪು ಮಾಡಿದ ರಾತ್ರಿಗಳ ಬಗ್ಗೆಯೇ ಬರೆಯುತ್ತೇನೆ.

ತೀರ್ಥಹಳ್ಳಿ ಹತ್ತಿರ ಅತ್ತೆ ಮನೆಯ ಅಂಗಳ, ಜನವರಿ. ಗುರಿ ಮಹಾವ್ಯಾಧದ ನೀಹಾರಿಕೆ, ಎಂ42. 200 ಎಂಎಂ ಲೆನ್ಸ್, ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್, 60 ಸೆಕೆಂಡಿನ 120 ಫ್ರೇಮ್ (ಫೋಟೋ). ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂತಿತ್ತು. ಫ್ಲ್ಯಾಟ್ ಫ್ರೇಮ್ (ಮೂಲೆಯ ಕತ್ತಲು, ಧೂಳಿನ ಕಲೆ ಸರಿಪಡಿಸಲು ಅದೇ ಲೆನ್ಸ್, ಅದೇ ಫೋಕಸ್‌ನಲ್ಲಿ ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಫೋಟೋ) ತೆಗೆಯುವುದೂ ಮರೆತುಹೋಗಿತ್ತು. ಎಲ್ಲ ಅಳಿಸಿಬಿಡೋಣ ಅನ್ನಿಸಿತ್ತು.

ಸಿರಿಲ್‌ನ ಪ್ಲಾಟ್ ತೆರೆದಾಗ ವಿಷಯ ಸ್ಪಷ್ಟವಾಯಿತು. ಪ್ರತಿ ಫ್ರೇಮಿನಲ್ಲೂ ನಕ್ಷತ್ರಗಳ ಅಗಲ ಎಷ್ಟು, ದುಂಡಗಿವೆಯೋ ಇಲ್ಲವೋ, ಎಷ್ಟು ನಕ್ಷತ್ರ ಸಿಕ್ಕಿವೆ ಎಂದು ಅದು ಅಳೆದು ಗೆರೆ ಹಾಕುತ್ತದೆ. 76ನೇ ಫ್ರೇಮಿನವರೆಗೆ ಗೆರೆ ನೇರ. ಆಮೇಲೆ ನಕ್ಷತ್ರಗಳ ಸಂಖ್ಯೆ ಜಾರುತ್ತಾ ಹೋಗಿತ್ತು. ಇಬ್ಬನಿ ಶುರುವಾದದ್ದು ಅಲ್ಲೇ. ಉಳಿದ 44 ಬಿಟ್ಟೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತಲ್ಲ ಎಂದು ಬೇಸರವಾಯಿತು. ಆದರೆ ಇಲ್ಲಿ ಫ್ರೇಮುಗಳ ಸಂಖ್ಯೆಯ ವರ್ಗಮೂಲದ ಲೆಕ್ಕ ನಡೆಯುತ್ತದೆ. 120ರ ಬದಲು 76 ಇದ್ದರೆ ಸಿಗ್ನಲ್‌ಗೂ (ನಿಜವಾದ ಬೆಳಕು) ನಾಯ್ಸ್‌ಗೂ (ಚಿತ್ರದ ಕಾಳುಕಾಳು) ಇರುವ ಅನುಪಾತ ಇಳಿಯುವುದು ಸುಮಾರು 20% ಮಾತ್ರ. ಕಣ್ಣಿಗೆ ಅಷ್ಟಾಗಿ ಗೊತ್ತೇ ಆಗಲಿಲ್ಲ. ಒಳ್ಳೆಯ ಫ್ರೇಮುಗಳಲ್ಲೇ ಎರಡರಲ್ಲಿ ಉಪಗ್ರಹದ ಗೆರೆ ಇತ್ತು. ಅದನ್ನು ಸಿಗ್ಮಾ ಕ್ಲಿಪ್ಪಿಂಗ್ (ಉಳಿದ ಫ್ರೇಮುಗಳಿಗೆ ಹೊಂದದ ಪಿಕ್ಸೆಲ್‌ಗಳನ್ನು ಬಿಟ್ಟುಬಿಡುವ ವಿಧಾನ) ತಾನೇ ಒರೆಸಿಹಾಕಿತು.

ಫ್ಲ್ಯಾಟ್‌ನ ಕಥೆ ಬೇರೆ. ಲೆನ್ಸ್ ಬಿಚ್ಚಿರಲಿಲ್ಲ, ಫೋಕಸ್ ರಿಂಗಿಗೆ ಟೇಪ್ ಹಾಗೇ ಇತ್ತು. ಇಬ್ಬನಿ ಒಣಗಿದ ಮೇಲೆ, ಬೆಳಿಗ್ಗೆ, ಲೆನ್ಸಿಗೆ ಬಿಳಿ ಬನಿಯನ್ ಬಿಗಿದು, ಅದೇ ಅಪರ್ಚರ್‌ನಲ್ಲಿ 30 ಫ್ಲ್ಯಾಟ್ ತೆಗೆದೆ. ಸೆನ್ಸರ್ ಧೂಳಿನ ಕಲೆಗಳು ಪೂರ್ತಿ ಹೋದವು. ಇನ್ನೊಂದು ಸಲ, ಮನೆಗೆ ಬಂದು ಲೆನ್ಸ್ ಬಿಚ್ಚಿದ ಮೇಲೆ ಫ್ಲ್ಯಾಟ್ ನೆನಪಾಯಿತು. ಆಗ ಫ್ಲ್ಯಾಟ್ ಇಲ್ಲದ ಸ್ಕ್ರಿಪ್ಟ್ ಓಡಿಸಿ, ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ (ಹಿನ್ನೆಲೆಯ ಏರುಪೇರು ಬೆಳಕನ್ನು ಅಂದಾಜಿಸಿ ತೆಗೆಯುವುದು) ಹಚ್ಚಿದೆ. ಇಲ್ಲಿ ಒಂದು ಮಾತು: ಊರಿನ ದೀಪದ ಬೆಳಕು ಚಿತ್ರಕ್ಕೆ ಕೂಡಿಕೊಂಡದ್ದು, ಅದನ್ನು ಕಳೆಯಬೇಕು. ಮೂಲೆಯ ಕತ್ತಲು ಲೆನ್ಸಿನಿಂದ ಬಂದದ್ದು, ಅದನ್ನು ಭಾಗಿಸಬೇಕು. ಎರಡೂ ಆಯ್ಕೆ ಸಿರಿಲ್‌ನಲ್ಲಿವೆ. ಹಿನ್ನೆಲೆ ಅಳೆಯಲು ಇಡುವ ಸ್ಯಾಂಪಲ್ ಚುಕ್ಕೆಗಳು ನೀಹಾರಿಕೆಯ ಮೇಲೆ ಬೀಳದಂತೆ ಕೈಯಾರೆ ತೆಗೆಯಿರಿ, ಇಲ್ಲದಿದ್ದರೆ ಮಸುಕಾದ ಅಂಚನ್ನೂ ಅದು ತಿಂದುಬಿಡುತ್ತದೆ. ಮೂಲೆಗಳು ಸುಧಾರಿಸಿದವು. ಧೂಳಿನ ಕಲೆ ಮಾತ್ರ ಉಳಿಯಿತು.

ಫೋಕಸ್ ತಪ್ಪಿದ ರಾತ್ರಿಗೆ ಮದ್ದಿಲ್ಲ. ಮಸುಕನ್ನು ಲೆಕ್ಕ ಹಾಕಿ ಚೂಪಾಗಿಸುವ ಡಿಕಾನ್ವಲ್ಯೂಷನ್ ಮಾಡಿ ನೋಡಿದೆ, ನಕ್ಷತ್ರಗಳ ಸುತ್ತ ಕಪ್ಪು ಬಳೆ ಎದ್ದಿತು. ಎಂ42ರ ನಡುಭಾಗ 60 ಸೆಕೆಂಡಿನಲ್ಲಿ ಸುಟ್ಟು ಬಿಳಿಯಾಗಿದ್ದರೆ ಅದೂ ಅಷ್ಟೇ. ಅದಕ್ಕೆ 5 ಸೆಕೆಂಡಿನ ಫ್ರೇಮುಗಳನ್ನು ಬೇರೆಯಾಗಿ ತೆಗೆಯಲೇಬೇಕು.

ತೊಂದರೆ ಅಂದರೆ ಡಿಸ್ಕ್ ಜಾಗ. 24 ಮೆಗಾಪಿಕ್ಸೆಲ್ ಬಣ್ಣದ ಫ್ರೇಮ್ ಒಂದಕ್ಕೆ 32 ಬಿಟ್‌ನಲ್ಲಿ ಸುಮಾರು 288 ಎಂಬಿ. 120 ಫ್ರೇಮಿಗೆ 34 ಜಿಬಿ ದಾಟುತ್ತದೆ, ನಕ್ಷತ್ರಗಳು ಒಂದರ ಮೇಲೊಂದು ಕೂರುವಂತೆ ಅಲೈನ್ ಮಾಡಿದ ಪ್ರತಿಗಳಿಗೆ ಮತ್ತೆ ಅಷ್ಟೇ. ಕೆಲಸ ಮುಗಿದ ಮೇಲೆ ಈ ಫೈಲುಗಳಿರುವ ಪ್ರೊಸೆಸ್ ಫೋಲ್ಡರ್ ಅಳಿಸುತ್ತೇನೆ. ಮೂಲ ರಾ ಫೈಲುಗಳನ್ನು ಮಾತ್ರ ಮುಟ್ಟುವುದಿಲ್ಲ. ಇಬ್ಬನಿಯ ಆ 44 ಫ್ರೇಮುಗಳೂ ಇನ್ನೂ ಹಾರ್ಡ್ ಡಿಸ್ಕಿನಲ್ಲಿವೆ.